ಖಾಲಿ ಕೊಳವೆಯ ಹಸಿರು

"ಸುಳ್ಳು ಯಾಕ್ರೀ ಹೇಳಿದ್ರಿ? ಸಿಗರೇಟ್ ಸೇದ್ತೀರ ಅಲ್ವಾ!"

ಹಿಂದಿನ ವಾರ ರಕ್ತ ಕೊಟ್ಟು ಹೋಗಿದ್ದವನನ್ನು ಕೆಂಗೇರಿಯ ಲ್ಯಾಬಿನ ಬಾಗಿಲಲ್ಲೇ ಗಗನಾ ತಡೆದಳು.

ಕಾಂತರಾಜು ಬೆಚ್ಚಿದ. "ಇಲ್ಲ ಮೇಡಂ... ನಮ್ಮಪ್ಪ ಶ್ವಾಸಕೋಶ ಕೆಟ್ಟೇ ತೀರ್ಕೊಂಡಿದ್ದು. ನಾನು ಅದನ್ನ ಮುಟ್ಟೋದೂ ಇಲ್ಲ."

ಅವಳ ಮುಖ ಬಾಡಿತು. "ಸಾರಿ... ನಿಮ್ಮ ಬಿಳಿ ರಕ್ತಕಣಗಳ ಮೇಲೆ ವಿಪರೀತ ಒತ್ತಡ ಕಾಣಿಸ್ತಿದೆ, ಅದಕ್ಕೇ..."

ರೋಗದ ವಿರುದ್ಧ ಹೋರಾಡುವ ಆ ಕಣಗಳಲ್ಲಿ ಆಕ್ಸಿಡೇಟಿವ್ ಒತ್ತಡವನ್ನು, ಅಂದರೆ ಸಿಗರೇಟ್ ಹೊಗೆಯಂಥವು ಮಾಡುವ ಹಾನಿಯನ್ನು, ಅಳೆಯುವುದು, ಔಷಧಿಯಿಂದ ತಗ್ಗಿಸುವುದು ಅವಳ ಪಿಎಚ್‌ಡಿ ಸಂಶೋಧನೆ. ಒತ್ತಡ ಹೆಚ್ಚಿದಷ್ಟೂ ಬಣ್ಣ ಬೆರೆಸಿದ ಕಣಗಳು ಹಸಿರಾಗಿ ಹೊಳೆಯುತ್ತವೆ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ಕಾಂತರಾಜು ರಕ್ತ ಕೊಡಲು ಬಂದ ಆರೋಗ್ಯವಂತರಲ್ಲಿ ಕೊನೆಯವನು.

ಮರುಪರೀಕ್ಷೆಗೆಂದು ಮತ್ತೂ ನಾಲ್ಕು ಸೋಮವಾರ ಅವನು ಬಂದ. ರಕ್ತ ಕೊಟ್ಟ ಮೇಲೆ ಕ್ಯಾಂಟೀನಿನಲ್ಲಿ ಕಾಫಿ, ಮುಗಿಯದ ಮಾತು...

ಆದರೆ ಅವನ ರಕ್ತದ ಕೊಳವೆಗೆ ಔಷಧಿ ಹಾಕಿದರೂ ಹಸಿರು ಇಳಿಯಲಿಲ್ಲ. ಅವನು ಕೇಳಿದಾಗ ಗಗನಾ ಮಾತು ಮರೆಸುತ್ತಿದ್ದಳು.

ಅದರ ಮುಂದಿನ ಸೋಮವಾರ ಅವನು ಬರಲಿಲ್ಲ. ಫೋನಿನಲ್ಲಿ ಒಂದೇ ಮಾತು: "ಇನ್ಮೇಲೆ ಬರಲ್ಲ ಗಗನಾ. ಫೋನ್ ಮಾಡ್ಬೇಡಿ."

'ನಾನೇನು ಮಾಡಿದೆ?' ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮನೆಗೆ ಹೊರಟವಳು ಇಳಿಯಬೇಕಿದ್ದ ಹೊಸಹಳ್ಳಿ ಮೆಟ್ರೋ ಸ್ಟೇಷನ್ ದಾಟಿದ್ದೂ ತಿಳಿಯಲಿಲ್ಲ!

ಮರುದಿನ ಅವನ ರಕ್ತದ ಅಂಕಿಗಳನ್ನೇ ಮತ್ತೆ ಮತ್ತೆ ನೋಡುತ್ತಾ, ಅವಸರದಲ್ಲಿ ತಾನು ಬಿಟ್ಟಿದ್ದ ಪರೀಕ್ಷೆಯನ್ನು ಮಾಡಿದಳು. ರಕ್ತಕಣವೇ ಇಲ್ಲದ, ಬರೀ ಬಣ್ಣವಿದ್ದ ಕೊಳವೆ... ಅದೂ ಹಸಿರಾಗಿ ಹೊಳೆಯಿತು!

ಅವನ ಸರದಿಗೆಂದು ತೆಗೆದ ಹೊಸ ಬಾಟಲಿಗೆ ಬೆಳಕು ಬಿದ್ದು ಬಣ್ಣವೇ ಕೆಟ್ಟಿತ್ತು.

ಗೈಡ್ ವತ್ಸಲಾ ಮೇಡಂಗೆ ತಪ್ಪೊಪ್ಪಿಕೊಂಡು, ಅವನ ಫಲಿತಾಂಶಗಳನ್ನೆಲ್ಲ ಹೊಡೆದುಹಾಕಿ, ಆಟೋ ಹಿಡಿದಳು.

ವರ್ಕ್‌ಶಾಪಿನಲ್ಲಿ ಅವಳನ್ನು ಕಂಡು ಕಾಂತರಾಜು ಲೇತ್ ನಿಲ್ಲಿಸಿದ.

"ತಪ್ಪು ನಿಮ್ಮ ರಕ್ತದ್ದಲ್ಲ, ನನ್ನದು! ಬಣ್ಣ ಕೆಟ್ಟಿತ್ತು. ಆ ಟೆಸ್ಟ್ ಯಾರಿಗೂ ಕಾಯಿಲೆ ಇದೆ ಅಂತ ಹೇಳೋದೂ ಇಲ್ಲ. ಮೊದಲ ದಿನವೇ ಹೇಳ್ಬೇಕಿತ್ತು ನಾನು..."

ಅವನು ಸ್ಟೂಲಿನ ಮೇಲೆ ಕುಸಿದ. "ಅಪ್ಪನ ಥರಾನೇ ಆಗುತ್ತೆ ಅಂದ್ಕೊಂಡೆ. ನಿಮ್ಮನ್ನ ಅರ್ಧ ದಾರಿಲಿ ಬಿಟ್ಟು ಹೋಗೋ ಬದಲು, ಈಗ್ಲೇ ದೂರ ಆಗೋಣ ಅಂತ..."

"ದೂರ ಆಗೋ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಭಯ ಆಯ್ತು."

"ನನಗೂ ಭಯಾನೇ. ಆದ್ರೂ ಹೇಳ್ತೀನಿ." ಅವಳು ಇನ್ನೂ ಹತ್ತಿರ ಬಂದಳು. "ನಿಮ್ಮ ಭಯ ತೀರೋ ಹಾಗೆ ನಾಳೆ ಡಾಕ್ಟರ್ ಹತ್ರ ಹೋಗೋಣ. ಅವ್ರು ಏನೇ ಹೇಳ್ಲಿ, ನಾನು ನಿಮ್ಮ ಜೊತೆಗೇ ಇರ್ತೀನಿ."

ಅವನು ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡ. "ಬೇಡ... ಕೈಯೆಲ್ಲಾ ಆಯಿಲ್ ಆಗಿದೆ."

"ಇರ್ಲಿ ಕಣೋ," ಎಂದು ಗಗನಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.