ಮೀಟಿಂಗ್ ಕರೆದವರ ಖರ್ಚು

ಶಿವಗಂಗವ್ವ ಮೆಟ್ಟಿಲು ಗುಡಿಸಲು ಬಂದಾಗ ಬೆಳಿಗ್ಗೆ ಏಳೂಕಾಲು. ಕೊನೆಯ ಮೆಟ್ಟಿಲ ಬುಡದಲ್ಲಿ ಅನ್ನಪೂರ್ಣಾಬಾಯಿ ಬೋರಲಾಗಿ ಬಿದ್ದಿದ್ದರು. ಶಿವಗಂಗವ್ವ ಚೀರಲಿಲ್ಲ. ಕಸಬರಿಗೆ ಕೆಳಗಿಟ್ಟು ಕೈ ಮುಟ್ಟಿ ನೋಡಿದಳು. ತಣ್ಣಗಾಗಿತ್ತು. ಹೋಗಿ ಸಂಘದ ಸೆಕ್ರೆಟರಿ ಕುಬೇರಪ್ಪನ ಬಾಗಿಲು ಬಡಿದಳು.

ಎಂಟಕ್ಕೆ ಅಣ್ಣಿಗೇರಿಯ ಪಿಎಸ್ಐ ಗೌತಮಿ ಬಂದಳು. ಜೊತೆಗೆ ಕಾನ್‌ಸ್ಟೇಬಲ್ ಹಜರತಅಲಿ. ಕೆಳಗೆ ಅಂಗಡಿ, ಮೇಲೆ ಎರಡು ಅಂತಸ್ತು, ಹನ್ನೆರಡು ಮನೆ. ಹೆಸರು ಮಾತ್ರ ಭರ್ಜರಿ, ಶ್ರೀಗಂಧ ರೆಸಿಡೆನ್ಸಿ. ಗೌತಮಿಗೆ ಈ ಕಟ್ಟಡ ಹೊಸದಲ್ಲ. ಹೈಸ್ಕೂಲಿನಲ್ಲಿ ಅವಳಿಗೆ ಗಣಿತ ಕಲಿಸಿದವರು ಇದೇ ಅನ್ನಪೂರ್ಣಾಬಾಯಿ. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ, ಎಲ್ಲಿ ತಪ್ಪಿದೆ ಎಂದು ನೀನೇ ಹುಡುಕು ಎನ್ನುತ್ತಿದ್ದರು.  ಗೌತಮಿ ಮಂಡಿಯೂರಿ ಕೂತು ನೋಡಿದಳು.

"ಜಾರಿ ಬಿದ್ದಾರ್ರಿ ಮೇಡಮ್. ವಯಸ್ಸಾಗಿತ್ತು," ಎಂದ ಕುಬೇರಪ್ಪ. ಕಣ್ಣೊರೆಸಿಕೊಂಡ. "ಏಳೂಕಾಲಕ್ಕ ಶಿವಗಂಗವ್ವ ಬಾಗಿಲ ಬಡದಾಗ ನನಗ ಎಚ್ಚರಾತು. ಓಡಿ ಬಂದೆ. ಏನ್ ಮಾಡೂದೈತ್ರಿ, ಆಗೂದು ಆಗಿ ಹೋಗಿತ್ತು."

ಮುಂದಕ್ಕೆ ಮುಗ್ಗರಿಸಿದವರ ಮೊಣಕಾಲು ತರಚುತ್ತದೆ. ಅಂಗೈ ತರಚುತ್ತದೆ. ಇವರಿಗೆ ಎರಡೂ ಇಲ್ಲ. ಪೆಟ್ಟು ಇದ್ದದ್ದು ತಲೆಯ ಹಿಂದೆ. ಬಿಳಿ ಕೂದಲಿನಲ್ಲಿ ಕೆಂಪು ಪುಡಿ ಅಂಟಿತ್ತು. ಗೌತಮಿ ಬೆರಳಿಗೆ ಹಚ್ಚಿಕೊಂಡು ಉಜ್ಜಿದಳು. ಅದು ರಕ್ತವಲ್ಲ, ಇಟ್ಟಿಗೆಯ ಪುಡಿ.

ಮೆಟ್ಟಿಲು ಶಹಾಬಾದಿ ಕಲ್ಲಿನವು. ಗೋಡೆಗೆ ಸಿಮೆಂಟಿನ ಗಿಲಾಯಿ, ಅದರ ಮೇಲೆ ಬಣ್ಣ. ಅಲ್ಲಿ ಇಟ್ಟಿಗೆ ಎಲ್ಲಿಂದ ಬರಬೇಕು?

"ತುರುಬಿನ್ಯಾಗ ಪೆನ್ಸಿಲ್ ಇಲ್ಲ," ಎಂದಳು ಗೌತಮಿ.

"ಏನಂದ್ರಿ?" ಎಂದ ಹಜರತಅಲಿ.

"ಬಾಯಾರು ಯಾವಾಗಲೂ ತುರುಬಿಗೆ ಪೆನ್ಸಿಲ್ ಸಿಗಿಸ್ಕೊಂಡಿರ್ತಿದ್ರು. ಹುಡುಕ್ರಿ."

ಮೆಟ್ಟಿಲ ಸಂದಿಯೆಲ್ಲ ತಡಕಾಡಿದರೂ ಅದು ಸಿಗಲಿಲ್ಲ.

*

ಮೊದಲ ಅಂತಸ್ತಿನಲ್ಲಿ ಬಾಯಾರ ಮನೆ. ಒಳಕೋಣೆಯ ಗೋಡೆಯಲ್ಲಿ ಬಿರುಕು. ನೆಲದ ಹತ್ತಿರ ಬೆರಳು ತೂರುವಷ್ಟು ಅಗಲ, ಮೇಲೇರಿದಂತೆ ಸಣ್ಣದು. ಬಿರುಕಿನ ಬದಿಗೆ ಪೆನ್ಸಿಲಿನ ಗೆರೆಗಳು. ಒಂದೊಂದು ಗೆರೆಗೂ ಒಂದು ತಾರೀಕು. ಕೊನೆಯದು ಇವತ್ತಿನದೇ.

"ಮುಂಜಾನೆ ಎದ್ದು ಅಳತಿ ತಗೊಂಡಾರ," ಎಂದಳು ಗೌತಮಿ. "ಆಮ್ಯಾಲೆ ಕೆಳಗ ಇಳದಾರ."

ಕುಬೇರಪ್ಪ ಬಾಗಿಲಲ್ಲಿ ನಿಂತಿದ್ದ. "ಎರಿ ನೆಲಾರಿ ಇದು. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಗೋಡಿ ಸೀಳತಾವ. ಇಡೀ ಊರಾಗ ಯಾರ ಮನಿ ಸೀಳಿಲ್ಲ ಹೇಳ್ರಿ? ಬಾಯಾರಿಗೆ ಎಷ್ಟ ಸಲ ಹೇಳಿದೆ. ಕೇಳಲಿಲ್ಲ. ಮೀಟಿಂಗ ಕರೀರಿ, ಎಂಜಿನಿಯರ್‌ಗೆ ತೋರಸ್ರಿ ಅಂತ ಒಂದ ಹಟ. ಇವತ್ತ ನಾಕಕ್ಕ ಇತ್ರಿ ಆ ಮೀಟಿಂಗ."

"ನೀವ ಕರದ್ರೇನು?"

"ನಾ ಯಾಕ ಕರೀಲ್ರಿ? ಸೆಕ್ರೆಟರಿ ಕರದ್ರ ಖರ್ಚು ಸಂಘದ್ದು. ಮನಿ ಓನರ್ ಕೇಳಿದ್ರ ಕೇಳಿದವರದು. ಕುರ್ಚಿ, ಗಿರಮಿಟ್, ಚಾ, ಎಲ್ಲಾ ಅವರ ಕೊಡಬೇಕು. ಬೈಲಾದಾಗ ಬರದೈತಿ."

ಬರೆಸಿದವನೂ ಅವನೇ. ಎರಡು ವರ್ಷದ ಹಿಂದೆ ಬರೆಸಿದ್ದ, ಅಂದಿನಿಂದ ಯಾರೂ ಮೀಟಿಂಗ್ ಕೇಳಿರಲಿಲ್ಲ. ಗಿರಮಿಟ್ ಇಲ್ಲದ ಮೀಟಿಂಗಿಗೆ ಆ ಕಟ್ಟಡದಲ್ಲಿ ನಾಲ್ಕು ಜನ ಸೇರುವುದಿಲ್ಲ. ಚುರುಮುರಿಗೆ ಉಳ್ಳಾಗಡ್ಡಿ ಒಗ್ಗರಣೆ ಕಲಸಿ, ಮೇಲೆ ಎರಡು ಮಿರ್ಚಿ ಭಜಿ ಇಟ್ಟರೆ ಮಾತ್ರ ಕೋರಂ ತುಂಬುತ್ತದೆ.

"ಕೇಳಿದವರ ಮೀಟಿಂಗಿಗೆ ಬರದಿದ್ರ?" ಎಂದಳು ಗೌತಮಿ.

"ಆವಾಗ ಖರ್ಚು ಸಂಘದ ಮ್ಯಾಲೆ. ಮಂದಿ ಕೊಡಂಗಿಲ್ಲ, ಕಡೀಕ ನನ್ನ ಕಿಸೇದಿಂದ." ಕುಬೇರಪ್ಪ ದನಿ ತಗ್ಗಿಸಿದ. "ಮೇಡಮ್, ಒಂದ ಮಾತು. ಬಾಜು ಮನಿ ಈರೇಶನ್ನ ವಿಚಾರಸ್ರಿ. ಬಾಯಾರು ಮೀಟಿಂಗ ಖರ್ಚಿಗೆ ಮನಿಗೆ ಐವತ್ತ ರೂಪಾಯಿ ಕೇಳಿದ್ರು. ಇವಾ ಮೆಟ್ಟಲ ಮ್ಯಾಲೆ ನಿಂತು ಬಾಯಿಗೆ ಬಂದಂಗ ಬೈದಾನ. ಇವತ್ತ ನಸಿಕಿನ್ಯಾಗ ಚೀಲ ತಗೊಂಡು ಹೋಗ್ಯಾನಂತ, ಫೋನ್ ಬಂದ್ ಐತಿ."

ಹಜರತಅಲಿಯ ಕಿವಿ ನೆಟ್ಟಗಾಯಿತು. ಈರೇಶನ ಮನೆಗೆ ಬೀಗ ಬಿದ್ದಿತ್ತು. ಅವನು ಐದೂವರೆಯ ಬಸ್ಸಿಗೆ ಹೋದದ್ದನ್ನು ಇಬ್ಬರು ಕಂಡಿದ್ದರು.

*

ಹನ್ನೊಂದಕ್ಕೆ ಈರೇಶ ತಾನಾಗಿಯೇ ಬಂದ. ಜೊತೆಯಲ್ಲಿ ದಪ್ಪ ಕನ್ನಡಕದ ಒಬ್ಬ ಮುದುಕ. ಗೇಟಿನಲ್ಲಿದ್ದ ಪೊಲೀಸರನ್ನು ಕಂಡು ಈರೇಶ ನಿಂತುಬಿಟ್ಟ. ವಿಷಯ ತಿಳಿದ ಮೇಲೆ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ.

"ಬೈದದ್ದು ಖರೇರಿ," ಎಂದ. "ಮರುದಿನ ನನ್ನ ಹಾಸಿಗಿ ಬಾಜು ಗೋಡಿ ಸೀಳ್ತು. ಆ ಗೋಡಿ ಬಾಜುಕ ನನ್ನ ಮಗಳು ಮಲಗ್ತಾಳ್ರಿ. ಬಾಯಾರ ಕಾಲ ಹಿಡದೆ. 'ಹೋಗು, ಧಾರವಾಡದಾಗ ರಿಟೈರ್ಡ್ ಎಂಜಿನಿಯರ್ ಒಬ್ರು ಅದಾರ, ಕರಕೊಂಡ ಬಾ' ಅಂದ್ರು. ಹೆಂಡತಿ, ಮಗಳನ್ನ ತವರಿಗೆ ಬಿಟ್ಟು, ಇವರನ್ನ ಕರಕೊಂಡ ಬಂದೆ. ಫೋನಿಗೆ ಚಾರ್ಜ್ ಇರಲಿಲ್ಲ."

ಬಸ್ ಟಿಕೆಟು ತೋರಿಸಿದ. ಎಂಜಿನಿಯರರೂ ಹೌದೆಂದರು. ಐದೂಮುಕ್ಕಾಲಕ್ಕೆ ಬಾಯಾರೇ ತಮಗೆ ಫೋನ್ ಮಾಡಿ ಹುಡುಗ ಹೊರಟಿದ್ದಾನೆ ಎಂದಿದ್ದರಂತೆ. ಆಗ ಈರೇಶ ಬಸ್ಸಿನಲ್ಲಿದ್ದ. ಹಜರತಅಲಿಯ ಮುಖ ಬಾಡಿತು.

ಅಷ್ಟರಲ್ಲಿ ಗಿರಮಿಟ್ ಅಂಗಡಿಯ ಮಾಬುಸಾಬ ಸೈಕಲ್ ನಿಲ್ಲಿಸಿ ಒಳಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಡಮ್ಮಾರ, ಬಾಯಾರ ಕಡೀಂದ ಯಾರರ ಅದಾರೇನ್ರಿ? ಮೂವತ್ತ ಪ್ಲೇಟಿನ ರೊಕ್ಕ ಮುಂಗಡಾನ ಕೊಟ್ಟಿದ್ರು. ವಾಪಸ್ ಕೊಡಬೇಕು. ಸತ್ತವರ ರೊಕ್ಕ ನನಗ ಬ್ಯಾಡ್ರಿ."

"ಗಿರಮಿಟ್ ಮಾಡಲಿಲ್ಲೇನು?"

"ಚುರುಮುರಿ, ಉಳ್ಳಾಗಡ್ಡಿ ತರಾಕ ಹೊಂಟಿದ್ದೆ, ಅಷ್ಟರಾಗ ಫೋನ್ ಬಂತ್ರಿ. ಮೀಟಿಂಗ ಇಲ್ಲ, ಗಿರಮಿಟ್ ಬ್ಯಾಡ, ಮಾಡಿದ್ರ ರೊಕ್ಕ ಕೊಡಂಗಿಲ್ಲ ಅಂದ್ರು. ಅಂದು ಇಟ್ಟಬಿಟ್ರು."

"ಎಷ್ಟಕ್ಕ ಬಂತು?"

ಮಾಬುಸಾಬ ಫೋನ್ ಚಾಚಿದ. ಆರೂ ಇಪ್ಪತ್ತು. ಗೌತಮಿ ನಂಬರು ನೋಡಿದಳು. ಎರಡು ಸಲ ನೋಡಿದಳು.

"ಕಾಕಾ, ಒಲಿ ಹಚ್ರಿ," ಎಂದಳು. "ನಾಕಕ್ಕ ಮೀಟಿಂಗ ಅದ."

*

ನಾಲ್ಕಕ್ಕೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿದರು. ಹನ್ನೆರಡು ಮನೆಯವರೂ ಬಂದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಸೆಕ್ರೆಟರಿ," ಎಂದಳು ಗೌತಮಿ, "ಬಾಯಾರು ಸತ್ತದ್ದು ನಿಮಗ ಎಷ್ಟಕ್ಕ ಗೊತ್ತಾತು?"

"ಏಳೂಕಾಲಕ್ಕ. ಆಗ್ಲೇ ಹೇಳಿದ್ನೆಲ್ರಿ. ಅಲ್ಲಿಮಟಾ ಮಲಗಿದ್ದೆ."

"ಹಂಗಾದ್ರ ಆರೂ ಇಪ್ಪತ್ತಕ್ಕ ಗಿರಮಿಟ್ ಬ್ಯಾಡಂತ ನಿಮ್ಮ ನಂಬರಿನಿಂದ ಮಾಬುಸಾಬಗ ಫೋನ್ ಹ್ಯಾಂಗ ಮಾಡಿದ್ರಿ?"

 ಕುಬೇರಪ್ಪ ಮಾಬುಸಾಬನ ಕಡೆ ನೋಡಿದ, ಆಮೇಲೆ ನೆಲ ನೋಡಿದ.

"ಕೇಳಿದವರು ಬರದಿದ್ರ ಖರ್ಚು ನಿಮ್ಮ ಕಿಸೇದಿಂದ. ನೀವ ಹೇಳಿದ್ರಿ. ಬಾಯಾರು ಬರಂಗಿಲ್ಲ ಅಂತ ಆರೂ ಇಪ್ಪತ್ತಕ್ಕ ಊರಾಗ ಗೊತ್ತಿದ್ದದ್ದು ಒಬ್ಬನಿಗೆ. ಮಾಬುಸಾಬ ಸಾಮಾನು ತರೂದ್ರಾಗ ತಡೀಬೇಕಾಗಿತ್ತು. ತಡದ್ರಿ." ಅವಳ ದನಿ ಏರಲಿಲ್ಲ. "ಆದ್ರ ಬಾಯಾರು ರೊಕ್ಕ ಮುಂಗಡಾನ ಕೊಟ್ಟಿದ್ರು. ನಿಮ್ಮ ಒಂದು ಪೈಸೆನೂ ಹೋಗ್ತಿರಲಿಲ್ಲ."

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಕುಬೇರಪ್ಪ. ಹೆಣವನ್ನು ಮೆಟ್ಟಿಲ ಬುಡಕ್ಕೆ ಹೊತ್ತು ತಂದ ಕೈಯಲ್ಲೂ ಮೂವತ್ತು ಪ್ಲೇಟು ಗಿರಮಿಟ್ಟಿನ ಲೆಕ್ಕ ಬಿಟ್ಟಿರಲಿಲ್ಲ.

"ಎರಿ ನೆಲದ ಬಿರುಕು ಹೊರಗಿನ ಗ್ವಾಡಿಗೂ ಬೀಳಬೇಕು," ಎಂದರು ಎಂಜಿನಿಯರ್. "ಇಲ್ಲಿ ಒಂದೇ ಒಳಗೋಡಿ ಮ್ಯಾಲೆ ಅವ. ಕೆಳಗ ಹೋದಂಗ ಅಗಲ. ಆ ಗ್ವಾಡಿಗೆ ಕಾಲಿಲ್ಲ."

ಆ ಗೋಡೆಯ ಕೆಳಗಿರುವುದು ಕುಬೇರಪ್ಪನ ಬೀಜ-ಗೊಬ್ಬರದ ಅಂಗಡಿ, ಅದರ ಹಿಂದೆ ಗೋದಾಮು. ಹಜರತಅಲಿ ಶಟರ್ ಎತ್ತಿದ. ನಡುವೆ ಚಾವಣಿಯವರೆಗೂ ಗೊಬ್ಬರದ ಚೀಲ ಒಟ್ಟಿತ್ತು. ನಾಲ್ಕು ಜನ ಸೇರಿ ಚೀಲ ಇಳಿಸಿದರು. ಅದರ ಹಿಂದೆ ಗೋಡೆ ಇರಲಿಲ್ಲ. ಮೇಲಿನ ಎರಡು ಅಂತಸ್ತಿನ ಭಾರ ಹೊರಬೇಕಾದ ಗೋಡೆಯನ್ನು ಹನ್ನೆರಡು ಅಡಿ ಒಡೆದು, ಎರಡು ಕಟ್ಟಿಗೆ ತೊಲೆ ಕೊಟ್ಟು ನಿಲ್ಲಿಸಿದ್ದ. ಬದಿಗೆ ಒಡೆದ ಇಟ್ಟಿಗೆಯ ರಾಶಿ. ಒಂದಕ್ಕೆ ಕಪ್ಪಗೆ ರಕ್ತ ಒಣಗಿತ್ತು. ಕೊನೆಯ ಚೀಲದ ಅಡಿಯಲ್ಲಿ ಮೋಟು ಪೆನ್ಸಿಲ್ ಸಿಕ್ಕಿತು.

ಗೌತಮಿ ಅದನ್ನು ಅರಿವೆಯಲ್ಲಿ ಎತ್ತಿಕೊಂಡಳು.  

"ಅಂಗಡಿ, ಗೋದಾಮು ಒಂದ ಮಾಡೂದಿತ್ತು," ಎಂದ ಕುಬೇರಪ್ಪ. ದನಿ ಒಣಗಿತ್ತು. "ಮುಂಜಾನಿ ಗೊಬ್ಬರದ ಗಾಡಿ ಬಂದಿತ್ತು. ಹೊಸಾ ಚೀಲ ಹಚ್ಚಾಕ ಹಳೇವು ಸರಸಿದ್ದೆ. ಗಾಡಿ ಹೋತು, ಶಟರ್ ತೆಗದಿತ್ತು. ಬಾಯಾರು ಒಳಗ ಬಂದ ಬಿಟ್ರು. ನೋಡಿದ್ರು. 'ಕುಬೇರಪ್ಪಾ, ಹನ್ನೆರಡು ಮನಿ ಅವ ಮ್ಯಾಲೆ' ಅಂದ್ರು. ಅಷ್ಟ. ಬೈಯಲಿಲ್ಲ. ಸಂಜಿಕೆ ಮೀಟಿಂಗನ್ಯಾಗ ಹೇಳ್ತೀನಿ ಅಂತ ತಿರುಗಿದ್ರು."

ಆ ತಿರುಗಿದ ತಲೆಗೇ ಅವನು ಇಟ್ಟಿಗೆಯಿಂದ ಹೊಡೆದಿದ್ದ. ಹಜರತಅಲಿ ಅವನಿಗೆ ಕೈಕೋಳ ಹಾಕಿದ.

"ಈಗಿಂದೀಗ ಎಲ್ಲಾರೂ ಮನಿ ಖಾಲಿ ಮಾಡ್ರಿ," ಎಂದರು ಎಂಜಿನಿಯರ್. "ಇವತ್ತ ಬೀಳತದೋ ನಾಳೆ ಬೀಳತದೋ ಹೇಳಾಕ ಬರಂಗಿಲ್ಲ."

*

ಹೊತ್ತು ಮುಳುಗುವ ಮೊದಲು ಹಾಸಿಗೆ, ಸಿಲಿಂಡರು, ಕೂಸುಗಳ ಪಾಟಿಚೀಲ ಎಲ್ಲ ರಸ್ತೆಯಾಚೆಯ ಬಯಲಿಗೆ ಬಂದವು. ಮಾಬುಸಾಬ ದೊಡ್ಡ ಬುಟ್ಟಿ ತಂದಿಟ್ಟ. ಮಿರ್ಚಿ ಬಿಸಿಯಿತ್ತು. ಯಾರೂ ಕೈಹಾಕಲಿಲ್ಲ.

"ಮನಿಗೆ ಐವತ್ತ ರೂಪಾಯಿ ಕೇಳಿದ್ರು," ಎಂದ ಈರೇಶ. ಅಳುತ್ತಿದ್ದ. "ಒಬ್ರೂ ಕೊಡಲಿಲ್ಲರಿ ನಾವು."

ಸೆಕ್ರೆಟರಿಯ ಮೇಜಿನಿಂದ ತಂದ ಮೀಟಿಂಗ್ ಪುಸ್ತಕ ಗೌತಮಿಯ ಕೈಯಲ್ಲಿತ್ತು. ಇವತ್ತಿನ ಹಾಳೆಯಲ್ಲಿ ಖರ್ಚು ಯಾರದು ಎನ್ನುವ ಜಾಗ ಖಾಲಿಯಿತ್ತು. ಬಾಯಾರ ಹೆಸರು ಬರೆದು ಅವಳು ಪುಸ್ತಕ ಮುಚ್ಚಿದಳು.

ಶಿವಗಂಗವ್ವ ಎದ್ದಳು. ಕಾಗದದ ಪ್ಲೇಟು ತುಂಬಿ ಒಬ್ಬೊಬ್ಬರ ಕೈಗೂ ಕೊಡುತ್ತ ಬಂದಳು.

"ತಿನ್ರಿ," ಎಂದಳು. "ಬಾಯಾರು ಕೊಟ್ಟು ಹೋಗ್ಯಾರ. ಚೆಲ್ಲಬಾರದು."