ಬಸಲಿಂಗಮ್ಮ ಅಕ್ಕೋರು ಅಳಿಸಿದ ಲೆಕ್ಕ

ಇಂದುಮತಿ ಫೋನನ್ನು ಕಪ್ಪು ಹಲಗೆಯ ಎದುರು ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದಳು. ನೀಲಿ, ಹಸಿರು, ಕೆಂಪು ಬೆಳಕು ಒಂದಾದ ಮೇಲೊಂದು ಹಲಗೆಯನ್ನು ಸವರಿದವು. ಪರದೆಯ ಮೇಲೆ ಮೊದಲು ಮೂಡಿದ್ದು ನಿನ್ನೆ ಸಮಾಜದ ಪಾಠಕ್ಕೆ ಯಾರೋ ಬರೆದು ಅಳಿಸಿದ ನದಿಗಳ ನಕ್ಷೆ. ಬೆರಳಿನಿಂದ ಆ ಪದರವನ್ನು ಪಕ್ಕಕ್ಕೆ ತಳ್ಳಿದಳು. ಅದರಡಿ ಕಳೆದ ವರ್ಷದ ಯಾವುದೋ ಪದ್ಯದ ಎರಡು ಸಾಲು. ಅದರಡಿ ಯಾರೋ ಬಿಡಿಸಿದ ಕಪ್ಪೆ. ಹೀಗೆ ತಳ್ಳುತ್ತ ತಳ್ಳುತ್ತ ೨೦೩೪ರ ನವೆಂಬರ್ ಬಂದಾಗ ಅವಳ ಬೆರಳು ನಿಂತಿತು.

ಬಲಮೂಲೆಯಲ್ಲಿ ‘ಒಟ್ಟು ೩೮, ಹಾಜರಿ ೩೫’ ಎಂದಿತ್ತು. ಮೂರರ ಬಾಲವನ್ನು ಅಷ್ಟು ಉದ್ದ ಎಳೆಯುತ್ತಿದ್ದವರು ಒಬ್ಬರೇ, ಅವಳಿಗೆ ಗಣಿತ ಕಲಿಸಿದ ಶಿಕ್ಷಕಿ. ಬಸಲಿಂಗಮ್ಮ ಅಕ್ಕೋರು. ಆ ಮೂವತ್ತೈದರಲ್ಲಿ, ಎರಡನೆಯ ಬೆಂಚಿನ ತುದಿಯಲ್ಲಿ, ಎರಡು ಜಡೆಯ ಇಂದುಮತಿಯೂ ಇದ್ದಳು. ಸುಣ್ಣದ ಪುಡಿಯ ವಾಸನೆ, ಊಟದ ಹೊತ್ತಿಗೆ ಮೂಲೆಯ ಓಣಿಯಿಂದ ಕೇಳಿಸುತ್ತಿದ್ದ ಮಗ್ಗದ ಸದ್ದು, ಅಕ್ಕೋರ ಹಸಿರು ಗಾಜಿನ ಬಳೆ, ಎಲ್ಲ ಒಮ್ಮೆಗೇ ನುಗ್ಗಿ ಬಂದವು.

ಗುಳೇದಗುಡ್ಡದ ಈ ಸರ್ಕಾರಿ ಶಾಲೆಯಲ್ಲಿ ಓದಿ, ಇಲ್ಲಿಯೇ ಗಣಿತದ ಶಿಕ್ಷಕಿಯಾದವಳು ಇಂದುಮತಿ ಕಮತಗಿ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅಂತರ್ಜಾಲದಲ್ಲಿ ಉಚಿತ ಬೋಧನಾ ಸಾಧನಗಳನ್ನು ಹುಡುಕುವುದು ಅವಳ ಚಾಳಿ. ಹೆಡ್ ಮಾಸ್ತರು ಮಲ್ಲೇಶಪ್ಪ, “ಏನ್ರಿ ಅಕ್ಕೋರ, ಈ ವಾರ ಪುಕ್ಕಟೆ ಏನ್ ಸಿಕ್ತು?” ಎಂದು ಕಾಡಿಸುತ್ತಿದ್ದರು. ಸಿಕ್ಕವುಗಳಲ್ಲಿ ಅರ್ಧ ಏಳು ದಿನ ಕಳೆದೊಡನೆ ಹಣ ಕೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಇನ್ನರ್ಧ ಪಾಠಕ್ಕಿಂತ ಜಾಹೀರಾತನ್ನೇ ಹೆಚ್ಚು ತೋರಿಸುತ್ತಿದ್ದವು. ಈ ವಾರ ಸಿಕ್ಕ ‘ಪದರದರ್ಶಕ’ ಮಾತ್ರ ಏನನ್ನೂ ಕೇಳಲಿಲ್ಲ. ಸವೆದ ಶಾಸನಗಳನ್ನು ಓದಲೆಂದು ಮಂಗಳೂರಿನ ವಿಜ್ಞಾನಿಯೊಬ್ಬರು ಅದನ್ನು ಸಿದ್ಧಪಡಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಸುಣ್ಣದ ಕಡ್ಡಿ ಹಲಗೆಗೆ ತಾಗಿದಾಗ ಅದರ ಕಣಗಳು ಬಣ್ಣದ ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಷ್ಟು ಒರೆಸಿದರೂ, ಮೇಲೆ ಹೊಸ ಬಣ್ಣ ಬಳಿದರೂ ಅವು ಉಳಿಯುತ್ತವೆ. ಬೇರೆ ಬೇರೆ ಬೆಳಕಿಗೆ ಅವು ಮಿನುಗುವ ಬಗೆಯನ್ನು ಅಳೆದು ಈ ಸಾಧನ ಒಂದೊಂದು ಬರಹವನ್ನೂ ಬಿಡಿಸಿ ತೋರಿಸುತ್ತಿತ್ತು.

ಹಳೆಯ ನೆನಪಿನ ಆಸೆಗೆ ಅವಳು ಇನ್ನಷ್ಟು ಪದರ ಸರಿಸಿದಳು. ಆಗ ಕಂಡದ್ದು ಅವಳನ್ನು ಗಾಬರಿಗೊಳಿಸಿತು. ಒಂದು ದಿನದ ಮನೆಪಾಠದ ಪಟ್ಟಿಯ ಮೇಲೆ, ಮರುದಿನದ ತಾರೀಖಿನ ಪದರದ ಕೆಳಗೆ, ಅಂದರೆ ಮಕ್ಕಳು ಮನೆಗೆ ಹೋದ ಮೇಲೆ ಬರೆದ, ಅದೇ ಉದ್ದ ಬಾಲದ ಅಂಕಿಗಳು ಹಲಗೆ ತುಂಬ ಇದ್ದವು. ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕ. ಒಮ್ಮೆ ಉತ್ತರ ಕಾಲು ಬಂದಿದೆ, ಹೊಡೆದು ಹಾಕಿದ್ದಾರೆ. ಒಮ್ಮೆ ಒಂದೂಕಾಲು, ಹೊಡೆದಿದ್ದಾರೆ. ಕೊನೆಗೆ ಪುಸ್ತಕದ ಸೂತ್ರದಂತೆ ಒಂದೂವರೆ ಬರೆದು, ಪಕ್ಕದಲ್ಲಿ ದೊಡ್ಡದಾಗಿ ‘ಯಾಕೆ?’ ಎಂದು ಕೇಳಿಕೊಂಡಿದ್ದಾರೆ. ಮರುದಿನ ಸಂಜೆಯೂ ಅದೇ ಲೆಕ್ಕ, ಅದೇ ಪ್ರಶ್ನೆ.

ಅಕ್ಕೋರಿಗೆ ಲೆಕ್ಕ ತಪ್ಪುವುದೆಂದರೇನು! ನಂಬಲಾಗದೆ ಅವಳು ಸಾಧನದ ಕೊನೆಯಲ್ಲಿದ್ದ ವಿಳಾಸಕ್ಕೆ ಪತ್ರ ಬರೆದಳು. ಸೋಮವಾರ ವಿಜ್ಞಾನಿ ಡಾ. ಪದ್ಮಪ್ರಭ ಅವರೇ ವೀಡಿಯೊ ಕರೆ ಮಾಡಿದರು.

“ನಿಮ್ಮ ಸಾಧನ ತಪ್ಪು ಓದಿರಬಹುದೇನ್ರಿ ಸರ್?”

“ಸಾಧ್ಯವಿಲ್ಲ ಮೇಡಂ. ಪದರಗಳ ಕ್ರಮ ತಪ್ಪುವುದಿಲ್ಲ. ಆದರೆ ನಿಮಗೆ ತೊಂದರೆ ಕೊಟ್ಟಿದ್ದು ಹೊಡೆದುಹಾಕಿದ ಬರಹ, ಅಲ್ವಾ? ಅದನ್ನು ನಾವು ಕಸ ಅಂತ ಕರೆಯುತ್ತೇವೆ. ಮುಂದಿನ ಆವೃತ್ತಿಯಲ್ಲಿ ಅದು ಕಾಣಿಸುವುದೇ ಇಲ್ಲ. ಸರಿಯಾದ ಕೊನೆಯ ಬರಹ ಮಾತ್ರ ಬರುತ್ತದೆ.”

ಇಂದುಮತಿ ಅವರನ್ನು ತಡೆದಳು. “ಬ್ಯಾಡ್ರಿ ಸರ್. ನಮ್ಮ ಹುಡುಗರು ಅಂಥಾ ಕಸಾನ ನೋಡಿಲ್ಲ.”

ಅವಳು ಹೇಳಿದ್ದು ನಿಜ. ಈಗಿನ ಮಕ್ಕಳ ಕೈಯಲ್ಲಿದ್ದದ್ದು ತಿದ್ದುಪಾಟಿ ಎಂಬ ವಿದ್ಯುನ್ಮಾನ ಸ್ಲೇಟು. ಮಗು ತಪ್ಪು ಅಂಕಿ ಬರೆಯತೊಡಗಿದರೆ ಆ ಪಾಟಿ ಗೆರೆ ಮುಗಿಯುವ ಮೊದಲೇ ಅದನ್ನು ಸರಿಯಾದ ಅಂಕಿಯಾಗಿ ತಿರುಗಿಸಿಬಿಡುತ್ತಿತ್ತು. ತನ್ನ ಕೈಬರಹದಲ್ಲಿ ತಪ್ಪು ಉತ್ತರ ಹೇಗಿರುತ್ತದೆಂದು ಏಳನೆಯ ತರಗತಿಯ ಒಂದು ಮಗುವಿಗೂ ಗೊತ್ತಿರಲಿಲ್ಲ. ಆದ್ದರಿಂದಲೇ ಹಲಗೆಯ ಹತ್ತಿರ ಕರೆದರೆ ಯಾರೂ ಏಳುತ್ತಿರಲಿಲ್ಲ. ನೇಕಾರರ ಮನೆಯ ಭುವನಾ ಅಂತೂ ಸುಣ್ಣದ ಕಡ್ಡಿ ಕಂಡರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

“ಯೋಚಿಸುತ್ತೇನೆ,” ಎಂದರು ವಿಜ್ಞಾನಿ. “ಆದರೆ ನಿಮ್ಮ ಟೀಚರ್ ಅದನ್ನು ಅಳಿಸಿದ್ದು ಯಾರೂ ನೋಡಬಾರದು ಅಂತಲೇ ಅಲ್ಲವೆ?”

ಆ ಮಾತು ಅವಳನ್ನು ಚುಚ್ಚಿತು. ಅಕ್ಕೋರು ಈಗ ಬಾಗಲಕೋಟೆಯಲ್ಲಿ ಮಗಳ ಜೊತೆ ಇದ್ದರು. ಎರಡು ದಿನ ಧೈರ್ಯ ಸಾಲಲಿಲ್ಲ. ಮೂರನೆಯ ದಿನ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. “ತಪ್ಪಾತ್ರಿ ಅಕ್ಕೋರ. ನಿಮ್ಮನ್ನ ಕೇಳದ ನೋಡಿಬಿಟ್ಟೆ.”

ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು.

“ಇಂದೂ, ನಾ ಕನ್ನಡ ಕಲಸಾಕ ಬಂದಾಕಿ. ಗಣಿತದ ಮಾಸ್ತರ ವರ್ಗ ಆಗಿ ಹೋದ್ರು, ಅದು ನನ್ನ ಕೊರಳಿಗೆ ಬಿತ್ತು. ದಿನಾ ಸಂಜಿ ಮರುದಿನದ ಪಾಠ ನಾನ ಕಲೀತಿದ್ದೆ. ನಿಮಗ ಗೊತ್ತಾದ್ರ ಮರ್ಯಾದಿ ಹೋಗ್ತೈತಿ ಅಂತ ಎರಡೆರಡು ಸಲ ಒರಸ್ತಿದ್ದೆ.” ಆಮೇಲೆ ದನಿ ಬದಲಾಯಿತು. “ಆ ‘ಯಾಕೆ’ ಇನ್ನೂ ಐತೇನ? ಅದು ನಂಗ ಇವತ್ತಿಗೂ ತಿಳಿದಿಲ್ಲ ನೋಡು. ಹುಡುಗರಿಗೆ ತೋರ್ಸು. ನಾನೂ ಬರ್ತೀನಿ.”

ಶುಕ್ರವಾರ ಮಗಳ ಕೈ ಹಿಡಿದು ಅಕ್ಕೋರು ತರಗತಿಗೆ ಬಂದರು. ಎಪ್ಪತ್ತೆರಡರ ವಯಸ್ಸಿನಲ್ಲೂ ಬೆನ್ನು ನೆಟ್ಟಗಿತ್ತು. ಇಂದುಮತಿ ಹಳೆಯ ಪದರವನ್ನು ಗೋಡೆಯ ಮೇಲೆ ಬೆಳಗಿಸಿದಳು. ಮಕ್ಕಳು ಹೊಡೆದುಹಾಕಿದ ಉತ್ತರಗಳನ್ನು ಬಾಯಿ ಬಿಟ್ಟು ನೋಡಿದರು.

“ಇವೆಲ್ಲಾ ನೀವ ಬರದಿದ್ದೇನ್ರಿ?” ಎಂದು ಭುವನಾ ಕೇಳಿದಳು.

“ನಾನ ಬರದಿದ್ದು, ನಾನ ತಪ್ಪಿದ್ದು. ಭಾಗ ಮಾಡಿದ್ರ ಸಣ್ಣದಾಗಬೇಕಲ್ಲವಾ? ಮುಕ್ಕಾಲಿಗಿಂತ ಒಂದೂವರೆ ದೊಡ್ಡದು. ಅದ್ಹೆಂಗ?”

ಭುವನಾ ಎದ್ದಳು. ಅಕ್ಕೋರಿಗೆ ಕೊಡಲೆಂದು ಅವಳ ಅಪ್ಪ ನೇಯ್ದು ಕಳಿಸಿದ ರವಿಕೆಯ ಖಣದ ಬಟ್ಟೆ ಮೇಜಿನ ಮೇಲಿತ್ತು. ಸ್ಕೇಲಿನಿಂದ ಅಳೆದು, ಮುಕ್ಕಾಲು ಮೀಟರ್ ಉಳಿಯುವಂತೆ ಮಡಚಿ, ಅದರಲ್ಲಿ ಅರ್ಧ ಮೀಟರ್ ಗುರುತು ಮಾಡಿದಳು. “ಮುಕ್ಕಾಲಿನೊಳಗ ಅರ್ಧ ಎಷ್ಟು ಸಲ ಐತಿ ಅಂತ ಕೇಳೋದ್ರಿ ಇದು. ಒಂದು ಸಲ ಐತಿ. ಕಾಲು ಮೀಟರ್ ಉಳೀತು.” ಹಲಗೆಯ ಹತ್ತಿರ ಹೋಗಿ ಸುಣ್ಣದ ಕಡ್ಡಿ ಹಿಡಿದು ಒಂದೂಕಾಲು ಎಂದು ಬರೆದಳು. ಹಲಗೆ ತಿದ್ದಲಿಲ್ಲ. ತಪ್ಪು ತಪ್ಪಾಗಿಯೇ ನಿಂತಿತು. ಅವಳ ಕಿವಿ ಕೆಂಪಾಯಿತು.

“ನಾನೂ ಅಲ್ಲೇ ತಪ್ತಿದ್ದೆ,” ಎಂದರು ಅಕ್ಕೋರು.

ಹುಡುಗಿ ಬಟ್ಟೆಯನ್ನು ಮತ್ತೆ ನೋಡಿದಳು. ಉಳಿದ ಕಾಲು ಮೀಟರನ್ನು ಅರ್ಧ ಮೀಟರಿನ ತುಂಡಿನ ಮೇಲೆ ಮಡಚಿಟ್ಟಳು. ಅದು ಆ ತುಂಡಿನಲ್ಲಿ ಸರಿಯಾಗಿ ಅರ್ಧವನ್ನು ಮುಚ್ಚಿತು. “ಕಾಲು ಮೀಟರ್ ಖರೇರಿ. ಆದ್ರ ನಾವು ಎಣಸೋದು ತುಂಡು. ತುಂಡಿನಾಗ ಇದು ಅರ್ಧ! ಒಂದು ತುಂಡು, ಮ್ಯಾಲ ಅರ್ಧ ತುಂಡು. ಒಂದೂವರೆ!”

ಬಸಲಿಂಗಮ್ಮ ಅಕ್ಕೋರು ಆ ಬಟ್ಟೆಯನ್ನು ತಾವೇ ತೆಗೆದುಕೊಂಡು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. “ಅಯ್ಯ, ಇಷ್ಟ ಏನ!” ಎಂದು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಊಟದ ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ. ಹಿಂದಿನ ಬೆಂಚಿನಿಂದ ಇಬ್ಬರು ತಮಗೂ ಸುಣ್ಣದ ಕಡ್ಡಿ ಬೇಕೆಂದು ಕೈ ಚಾಚಿ ಬಂದರು.

ಅಕ್ಕೋರು ಭುವನಾಳ ಪಕ್ಕದಲ್ಲಿ ಸರಿದು ಕೂತು, “ಇನ್ನೊಂದು ಲೆಕ್ಕ ಕೊಡವಾ ಇಂದೂ,” ಎಂದರು.

ಇಂದುಮತಿ ಹಲಗೆಯತ್ತ ತಿರುಗಿದಳು. ಹದಿನೆಂಟು ವರ್ಷಗಳ ನೌಕರಿಯಲ್ಲಿ ಮೊದಲ ಸಲ, ತನಗೇ ಉತ್ತರ ಗೊತ್ತಿಲ್ಲದ ಒಂದು ಲೆಕ್ಕವನ್ನು ಮಕ್ಕಳ ಮುಂದೆ ಬರೆಯತೊಡಗಿದಳು.