ಒಣಗದ ಟಾಪು

ಯಳಂದೂರಿನ ಸದಾಶಿವಪ್ಪನವರದು ಯಾರೋ ಬಿಳಿ ಸಾಹೇಬ ಮಾರಿಹೋದ ಹಳೇ ಕಾರು. ಮೇಲೆ ತಗಡಿಲ್ಲ, ಮಡಚಿ ಹಿಂದಕ್ಕೆ ಇಳಿಸುವ ಬಟ್ಟೆಯ ಟಾಪು. ಮಗಳು ಪುಟ್ಟಬಸಮ್ಮನ ಮದುವೆಯಲ್ಲಿ ಅದನ್ನು ಮಡಚಿ, ಊರಿಗೆಲ್ಲ ಕಾಣುವಂತೆ ಮೆರವಣಿಗೆ ಮಾಡಿಸಬೇಕೆಂದು ಅವರ ಆಸೆ. ಕಾಮಗೆರೆಯ ಗಂಡು. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಹೇಳಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಚಿವುಟಿದರೂ ನೋಯದಷ್ಟು ಮನಸ್ಸು ಜಡ್ಡುಗಟ್ಟಿತ್ತು.

ಬೂಷ್ಟು ಹಿಡಿದ ಟಾಪು ತೊಳೆಯಲು ಕೊಳ್ಳೇಗಾಲದಿಂದ ಜಡೇಸ್ವಾಮಿ ಬಂದ, ಕಾರಿನ ಸೀಟು ಹೊಲಿಯುವವನು. ಮಗುವಿಗೆ ಎರೆಯುವ ಹಾಗೆ ಅಂಟುವಾಳದ ನೊರೆ ಹಚ್ಚಿ ಮೆತ್ತಗೆ ಉಜ್ಜುತ್ತಿದ್ದ. ಅವಳು ಮಜ್ಜಿಗೆ ತಂದಳು.

“ನೀವು ಉಂಡ್ರಾ ಅಮ್ಮಾವ್ರೇ?”

ಮದುವೆ ಗೊತ್ತಾದ ಮೇಲೆ ಅವಳನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

“ಇಲ್ಲ. ಯಾವಾಗ ಮುಗಿಸ್ತೀರಿ?”

“ಒಣುಗಿದ್ ಮ್ಯಾಲೆ ಮೇಣ ಸವರ್ಬುಟ್ರೆ ಆಯ್ತು. ಆಮ್ಯಾಲೆ ನೀರೇ ಇಳಿಯಕಿಲ್ಲ. ಅಸೀಲಿ ಮಡುಚ್ಬಾರ್ದು, ತಿರ್ಗಾ ಬೂಷ್ಟು ಬತ್ತದೆ.”

ಸಂಜೆ ಅವಳು ಟಾಪಿನ ಮೇಲೆ ಒಂದು ಬಿಂದಿಗೆ ನೀರು ಸುರಿದಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಮರುದಿನ ಸಂಜೆಯೂ ಅಷ್ಟೇ.

“ಊರ್ಗೆಲ್ಲ ಇಲ್ದ ಮಳೆ ಈ ಟಾಪ್ ಮ್ಯಾಲೆ ಮಾತ್ರ ಉಯ್ತದಲ್ಲ!” ಬೆಳಿಗ್ಗೆ ಬಂದ ಜಡೇಸ್ವಾಮಿ ಓರೆಗಣ್ಣಿನಲ್ಲಿ ನೋಡಿದ. ಬಿಂದಿಗೆ ಕಾರಿನ ಪಕ್ಕದಲ್ಲೇ ಇತ್ತು.

“ಯಾಕೆ, ಬ್ಯಾಸ್ರ ಆಯ್ತಾ?”

“ನಂಗಾ? ಒಣುಗ್ದೆ ಇರ್ಲಿ ಅಂತ ದೇವ್ರಿಗೆ ಕೈ ಮುಗ್ದೇ ಬಸ್ ಅತ್ತೋದು.”

ಅಂದವನು ಗಾಬರಿಯಾಗಿ ತಲೆ ತಗ್ಗಿಸಿದ. ಅವಳು ಒಳಗೆ ಹೋದಳು.

ಸದಾಶಿವಪ್ಪನವರು ತಾಳ್ಮೆಗೆಟ್ಟು ಕಾರನ್ನು ಬಿಸಿಲಿಗೆ ತಳ್ಳಿಸಿದರು. ಮಧ್ಯಾಹ್ನಕ್ಕೆ ಟಾಪು ಒಣಗಿತು. ಜಡೇಸ್ವಾಮಿ ಮೇಣ ಸವರಿ, ತಿರುಗಿ ನೋಡದೆ ಹೊರಟುಹೋದ.

ಸಂಜೆ ಅವಳು ಬಿಂದಿಗೆ ತಂದಳು. ನೀರು ಮಣಿಮಣಿಯಾಗಿ ಜಾರಿ ನೆಲಕ್ಕೆ ಬಿತ್ತು. ಅವಳಿಗೆ ಅಳುವೂ ಬರಲಿಲ್ಲ.

ಆಮೇಲೆ ಕಂಡಿತು. ಹಿಂದಿನ ಸೀಟಿಗೆ ನೇರ ಮೇಲೆ, ಮದುಮಗಳು ಕೂರುವ ಕಡೆ, ಟಾಪಿನ ಗೇಣಗಲ ಬಟ್ಟೆ ಮಾತ್ರ ನೆನೆಯುತ್ತಿತ್ತು. ಅಲ್ಲಿ ಮೇಣವೇ ಇಲ್ಲ. ಒಂದು ಹೊಲಿಗೆಯನ್ನೂ ಬಿಡದವನು ಅದನ್ನು ಮರೆತಿರಲಾರ. ಅಂಗೈ ಇಟ್ಟಳು. ತಣ್ಣಗಿತ್ತು. ಎಷ್ಟೋ ದಿನದ ಮೇಲೆ ಏನೋ ಒಂದು ಅವಳಿಗೆ ತಾಕಿತು. ಬಿಕ್ಕಿ ಬಿಕ್ಕಿ ಅತ್ತಳು.

“ಏನವ್ವಾ, ಟಾಪು ಮಡುಚ್ಬೋದಾ?” ಜಗುಲಿಯಿಂದ ಅಪ್ಪ ಕೂಗಿದರು.

“ಇಲ್ಲ ಅಪ್ಪಾಜಿ, ಇನ್ನೂ ಅಸಿ ಅದೆ.” ಅವಳು ಕಣ್ಣೊರೆಸಿಕೊಂಡು ಜಗುಲಿಗೆ ಬಂದು ಎದುರು ನಿಂತಳು. “ಆ ಮದ್ವೆ ನಂಗೆ ಬ್ಯಾಡ. ಜಡೇಸ್ವಾಮಿಯೋರ್ನ ಕರ್ಸಿ.”